ಹಾವೇರಿ: ನಮಗೆ ಮೂರಕ್ಷರ, ಯಂತ್ರಕ್ಕೆ 18 ಬೈಟ್

ಗದಗ-ಬೆಟಗೇರಿಯ ಮುದ್ರಣಾಲಯಗಳಲ್ಲಿ ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ‘ಹುಬ್ಬಳ್ಳಿ’ ಎಂದು ಅಚ್ಚಾಗಬೇಕಾದರೆ ಹು, ಬ, ಅದರಡಿಯ ಬ-ಒತ್ತು, ಳಿ, ಅದರಡಿಯ ಳ-ಒತ್ತು ಹೀಗೆ ಒಂದೊಂದನ್ನೇ ಖಾನೆಯಿಂದ ಹೆಕ್ಕಬೇಕಿತ್ತು. ಬೇಕಾದ ಮೊಳೆ ಕೈಗೆಟುಕುವಂತಿದ್ದರೆ ಪುಟ ಬೇಗ ಮುಗಿಯುತ್ತಿತ್ತು, ಇಲ್ಲವಾದರೆ ಚೂರುಪಾರು ಸೇರಿಸಿ ಹೊಂದಿಸಬೇಕು. ಚಾಟ್‌ಜಿಪಿಟಿಯಂಥ ಎಐ ಸಾಧನಗಳ ಹಿಂದಿರುವ ಇಂದಿನ ಭಾಷಾ ಮಾದರಿಗಳು ಕನ್ನಡ ಓದುವುದೂ ಬರೆಯುವುದೂ ಇಂಥ ಮೊಳೆಗಳಿಂದಲೇ. ಈ ಮೊಳೆಗೆ ಟೋಕನ್ ಎಂದು ಹೆಸರು. ಎಐ ಕನ್ನಡದಲ್ಲಿ ತಡವರಿಸಿದಾಗ ನಾವು ಅದರ ಬುದ್ಧಿಯನ್ನು ಬೈಯುತ್ತೇವೆ. ಎಷ್ಟೋ ಸಲ ಎಡವಟ್ಟು ಆಗಿರುವುದು ಅದಕ್ಕೂ ಮೊದಲು, ಮೊಳೆಯ ಖಾನೆಯ ಹತ್ತಿರ.

ಯುನಿಕೋಡ್‌ನಲ್ಲಿ, ಅಂದರೆ ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿಯಲ್ಲಿ, ಕನ್ನಡಕ್ಕೆ 128 ಮನೆಗಳಿವೆ. ಸ್ವರ, ವ್ಯಂಜನ, ಗುಣಿತದ ಚಿಹ್ನೆ, ಅಂಕಿ ಎಲ್ಲಕ್ಕೂ ಒಂದೊಂದು ಸಂಕೇತ. ಒತ್ತಕ್ಷರಕ್ಕೆ ಬೇರೆ ಮನೆ ಇಲ್ಲ: ‘ಬ್ಬ’ ಎಂದರೆ ಬ, ಹಲಂತ (ಸ್ವರ ತೆಗೆಯುವ ಚಿಹ್ನೆ), ಮತ್ತೆ ಬ. ಹಾಗಾಗಿ ಮೂರಕ್ಷರದ ‘ಹುಬ್ಬಳ್ಳಿ’ ಒಳಗೆ 9 ಸಂಕೇತವಾಗುತ್ತದೆ. ಅಂತರ್ಜಾಲದಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ (ಒಂದು ಬೈಟ್ ಎಂದರೆ 0ರಿಂದ 255ರೊಳಗಿನ ಒಂದು ಸಂಖ್ಯೆ), ಒಟ್ಟು 27. ಅದೇ ಊರಿನ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 8 ಬೈಟ್ ಸಾಕು. ಹಾವೇರಿಗೆ 6 ಸಂಕೇತ, 18 ಬೈಟ್.

ಆ ಮೂರು ಬೈಟ್‌ಗಳೊಳಗೂ ಒಂದು ತಮಾಷೆ ಇದೆ. ಮೊದಲನೆಯದು ಯಾವಾಗಲೂ 224. ಎರಡನೆಯದು 178 ಅಥವಾ 179, ಬೇರೇನೂ ಆಗದು. ನಿಜವಾದ ಗುರುತು ಹೆಚ್ಚುಕಡಿಮೆ ಮೂರನೆಯದರಲ್ಲೇ ಇದೆ. ‘ಳ’ ಎಂದರೆ 224, 178, 179; ಹಲಂತವೆಂದರೆ 224, 179, 141. ಯಂತ್ರದ ಕಣ್ಣಿಗೆ ಕನ್ನಡದ ಪುಟವೆಂದರೆ ಪದೇ ಪದೇ 224 ಎಂದು ಕೂಗುವ ಸಾಲು.

ಈ ಬೈಟ್‌ಗಳಿಂದ ಮೊಳೆ ಎರಕ ಹೊಯ್ಯುವ ವಿಧಾನ ಹಳೆಯದು. 1994ರಲ್ಲಿ ಫಿಲಿಪ್ ಗೇಜ್ ಕಡತಗಳನ್ನು ಕುಗ್ಗಿಸಲು ಪ್ರಕಟಿಸಿದ ಉಪಾಯ ಅದು. ಒಂದು ದೊಡ್ಡ ಪಠ್ಯದಲ್ಲಿ ಅಕ್ಕಪಕ್ಕ ಅತಿ ಹೆಚ್ಚು ಸಲ ಬರುವ ಜೋಡಿಯನ್ನು ಹುಡುಕು, ಅದನ್ನು ಒಂದೇ ಮೊಳೆಯಾಗಿ ಬೆಸೆ, ಮತ್ತೆ ಎಣಿಸು, ಮತ್ತೆ ಬೆಸೆ. ಹಳ್ಳಿ, ಬಳ್ಳಿ, ಕಳ್ಳಿ, ಹುಬ್ಬಳ್ಳಿ ಸಾಕಷ್ಟು ಸಲ ಬಂದಿದ್ದರೆ ಮೊದಲು ‘ಳ’ ಒಂದಾಗುತ್ತದೆ, ಆಮೇಲೆ ‘ಳ್’, ಕೊನೆಗೆ ‘ಳ್ಳಿ’ ಇಡಿಯಾಗಿ ಒಂದು ಟೋಕನ್. ಖಾನೆ ತುಂಬಿದ ಮೇಲೆ ಬೆಸುಗೆ ನಿಲ್ಲುತ್ತದೆ. ಓಪನ್‌ಎಐ ಕಂಪನಿಯ 2019ರ ಮಾದರಿ ಜಿಪಿಟಿ-2ರ ಖಾನೆಯಲ್ಲಿ 50,257 ಮೊಳೆಗಳಿದ್ದವು. ಅದರ ಎರಕಕ್ಕೆ ಬಳಸಿದ್ದು ಬಹುತೇಕ ಇಂಗ್ಲಿಷ್ ಪಠ್ಯ. ಆ ಎಣಿಕೆಯಲ್ಲಿ ಕನ್ನಡದ ಜೋಡಿಗಳು ಮೇಲೆ ಬರುವುದಾದರೂ ಹೇಗೆ? ಪಾಪ, ‘ಹುಬ್ಬಳ್ಳಿ’ ಬೈಟ್‌ಬೈಟಾಗಿ ಪುಡಿಯಾಯಿತು.

2024ರ ಮೇನಲ್ಲಿ ಬಂದ ಜಿಪಿಟಿ-4ಒ ಖಾನೆಯನ್ನು ಸುಮಾರು 2 ಲಕ್ಷಕ್ಕೆ ಹಿಗ್ಗಿಸಿತು. ಆಗ ಓಪನ್‌ಎಐ ಒಂದೇ ಪರಿಚಯದ ಮಾತನ್ನು 20 ಭಾಷೆಗಳಲ್ಲಿ ಬರೆದು, ಹಳೆ-ಹೊಸ ಲೆಕ್ಕ ತೋರಿಸಿತ್ತು. ತೆಲುಗಿನಲ್ಲಿ 159 ಟೋಕನ್ ಇದ್ದದ್ದು 45ಕ್ಕೆ ಇಳಿದಿತ್ತು, ಮರಾಠಿಯಲ್ಲಿ 96 ಇದ್ದದ್ದು 33ಕ್ಕೆ. ಇಂಗ್ಲಿಷ್‌ಗೆ ಬೇಕಾದದ್ದು 24. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಬೇಸರದ ಸಂಗತಿಯೇ, ಆದರೂ ನಮ್ಮ ಲಿಪಿಗೆ ಹತ್ತಿರದ ತೆಲುಗಿನ ಸಾಲು ನೋಡಿದರೆ ನಮ್ಮ ಪರಿಸ್ಥಿತಿಯ ಅಂದಾಜು ಸಿಗುತ್ತದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ಸರ್ವಂ-1 ಎಂಬ 200 ಕೋಟಿ ನಿಯತಾಂಕಗಳ (ತರಬೇತಿಯಲ್ಲಿ ತಿದ್ದಿಕೊಳ್ಳುವ ಸಂಖ್ಯೆಗಳ) ಮಾದರಿ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆಂದೇ ಖಾನೆ ಕಟ್ಟಿಕೊಂಡಿತು. ಪದವೊಂದಕ್ಕೆ 1.4ರಿಂದ 2.1 ಟೋಕನ್ ಸಾಕೆಂದು ಅದರ ತಯಾರಕರು ಹೇಳಿದ್ದಾರೆ.

ಇದರಿಂದ ಜೇಬಿಗೆ ಏನಾಗುತ್ತದೆ? ಮಾದರಿಗಳನ್ನು ಎಪಿಐ (ಒಂದು ಪ್ರೋಗ್ರಾಮು ಇನ್ನೊಂದನ್ನು ಕರೆಯುವ ದಾರಿ) ಮೂಲಕ ಬಳಸುವಾಗ ಬಿಲ್ಲು ಟೋಕನ್ ಲೆಕ್ಕದಲ್ಲಿ, ಕೇಳಿದ್ದಕ್ಕೂ ಹೇಳಿದ್ದಕ್ಕೂ. ಹುಬ್ಬಳ್ಳಿಯ ಒಬ್ಬ ವ್ಯಾಪಾರಿಗೆ ವಾಟ್ಸ್‌ಆ್ಯಪ್ ಉತ್ತರ ಯಂತ್ರ ಕಟ್ಟಿಕೊಡುತ್ತಿದ್ದೀರಿ, ಅದಕ್ಕೆ 1,000 ಪದಗಳ ಸೂಚನೆ ಉಣಿಸಬೇಕು ಎನ್ನಿ. ಪದಕ್ಕೆ 6 ಟೋಕನ್ ಹಿಡಿಯುವ ಮಾದರಿಯಲ್ಲಿ ಅದು 6,000. ಮಾದರಿಯ ಕಿಟಕಿ, ಅಂದರೆ ಅದು ಒಮ್ಮೆಗೆ ಹಿಡಿದಿಡಬಲ್ಲ ಪಠ್ಯ, 8,192 ಟೋಕನ್‌ನದ್ದಾಗಿದ್ದರೆ ಗಿರಾಕಿಯ ಪ್ರಶ್ನೆಗೂ ಉತ್ತರಕ್ಕೂ ಉಳಿಯುವುದು 2,192 ಮಾತ್ರ. ನಾಲ್ಕು ಮಾತಾದ ಮೇಲೆ ಹಿಂದಿನದ್ದನ್ನು ‘ಮರೆಯಲು’ ಶುರುಮಾಡುತ್ತದೆ. ಪದಕ್ಕೆ 2 ಸಾಕಾಗುವ ಮಾದರಿಯಲ್ಲಿ ಅದೇ ಸೂಚನೆ 2,000ದಲ್ಲಿ ಮುಗಿಯಿತು. ಉತ್ತರವೂ ಟೋಕನ್ ಟೋಕನ್ ಆಗಿಯೇ ಹೊರಬರುವುದರಿಂದ ಕಾಯುವ ಹೊತ್ತೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಆದ್ದರಿಂದ ಮಾದರಿ ಆರಿಸುವ ಮೊದಲು ನಿಮ್ಮದೇ ಕನ್ನಡ ಪಠ್ಯದ ಇನ್ನೂರು ಸಾಲು ತೆಗೆದು, ಪಠ್ಯವನ್ನು ಟೋಕನ್‌ಗಳಾಗಿ ಒಡೆಯುವ ಆ ಮಾದರಿಯ ಟೋಕನೈಜರ್‌ಗೆ ಕೊಟ್ಟು ಎಣಿಸಿ. ಜಿಪಿಟಿ ಮಾದರಿಗಳಿಗೆ ಟಿಕ್‌ಟೋಕನ್ ಎಂಬ ಉಚಿತ ಲೈಬ್ರರಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಟೋಕನ್ ಸಂಖ್ಯೆಯನ್ನು ಪದಗಳ ಸಂಖ್ಯೆಯಿಂದ ಭಾಗಿಸಿದರಾಯಿತು. ಹತ್ತು ನಿಮಿಷದ ಕೆಲಸ.

ಎಣಿಸುವಾಗ ಪತ್ರಿಕೆಯ ಕನ್ನಡವನ್ನಷ್ಟೇ ಕೊಡಬೇಡಿ. ‘ಏನು ಮಾಡುತ್ತಿದ್ದೀರಿ’ ಎಂಬುದು ತರಬೇತಿಯ ಪಠ್ಯದಲ್ಲಿ ಧಾರಾಳವಾಗಿ ಸಿಕ್ಕಿರುತ್ತದೆ; ‘ಏನ್ ಮಾಡಾಕತ್ತೀರಿ’ ಅಷ್ಟು ಸಿಕ್ಕಿರುವುದಿಲ್ಲ. ‘ಹುಬ್ಬಳ್ಳಿಯಲ್ಲಿ’ ಒಂದು ರೀತಿ ಒಡೆದರೆ ‘ಹುಬ್ಬಳ್ಳ್ಯಾಗ’ ಬೇರೆಯೇ ರೀತಿ ಒಡೆದು, ಊರಿನ ಹೆಸರೇ ಗುರುತು ಸಿಗದಂತಾಗಬಹುದು. ಧಾರವಾಡದ ಗಿರಾಕಿ ಬರೆಯುವುದು ಎರಡನೆಯದನ್ನೇ.

ಇನ್ನೊಂದು ತೊಂದರೆ ಪರದೆಯ ಮೇಲೇ ಕಾಣುತ್ತದೆ. ಉತ್ತರ ಹನಿಹನಿಯಾಗಿ ಬರುವಾಗ ನಡುವೆ ಕಪ್ಪು ವಜ್ರದೊಳಗಿನ ಪ್ರಶ್ನೆಚಿಹ್ನೆ ಮಿನುಗುತ್ತದೆ. ಮೂರು ಬೈಟ್‌ನ ಒಂದು ಸಂಕೇತ ಎರಡು ಟೋಕನ್‌ಗೆ ಹಂಚಿಹೋಗಿ, ಪ್ರೋಗ್ರಾಮು ಒಂದೊಂದು ಟೋಕನ್ನನ್ನೂ ಬಿಡಿಬಿಡಿಯಾಗಿ ಅಕ್ಷರಕ್ಕೆ ತಿರುಗಿಸಿದ್ದರ ಫಲ ಅದು. ಬೈಟ್‌ಗಳನ್ನು ಹಿಡಿದಿಟ್ಟುಕೊಂಡು ಸಂಕೇತ ಪೂರ್ತಿಯಾದ ಮೇಲಷ್ಟೇ ತೋರಿಸಿದರೆ ಹೋಗುತ್ತದೆ. ಇಂಗ್ಲಿಷ್‌ನಲ್ಲಷ್ಟೇ ಪರೀಕ್ಷಿಸಿದವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಇನ್ನು ಹಾವೇರಿಯ ವಿಷಯ. ‘ವೇ’ಯ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಯುನಿಕೋಡ್ ಎರಡನ್ನೂ ಸಮಾನವೆಂದೇ ಒಪ್ಪುತ್ತದೆ. ಕಣ್ಣಿಗೆ ಎರಡೂ ಹಾವೇರಿಯೇ. ಆದರೆ ಒಂದರಲ್ಲಿ 6 ಸಂಕೇತ, ಇನ್ನೊಂದರಲ್ಲಿ 7. ಪಟ್ಟಿಯಲ್ಲಿ ಒಂದು ಬಗೆ, ಹುಡುಕುವ ಪೆಟ್ಟಿಗೆಯಲ್ಲಿ ಇನ್ನೊಂದು ಬಗೆ ಇದ್ದರೆ ‘ಹಾವೇರಿ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಕೀ, ಕೈ, ಕೊ, ಕೋಗಳಿಗೂ ಇದೇ ಪಾಡು. ಪಠ್ಯವನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲಲ್ಲೇ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದುಬಿಡಬೇಕು. ಪೈಥಾನ್‌ನಲ್ಲಿ ಅದು ಒಂದೇ ಸಾಲು.

ಕಾಣದ ಸಂಕೇತಗಳೂ ಇವೆ. ‘ಸಾಫ್ಟ್‌ವೇರ್’ ಎಂದು ಸರಿಯಾಗಿ ಕಾಣಬೇಕಾದರೆ ಟ್ ಮತ್ತು ವೇ ನಡುವೆ ಅಗಲವಿಲ್ಲದ ಒಂದು ತಡೆ ಇರಬೇಕು. ತೆಗೆದರೆ ‘ಸಾಫ್ಟ್ವೇರ್’ ಆಗುತ್ತದೆ. ಹುಡುಕಾಟದ ಸೂಚಿಯಿಂದ ಅದನ್ನು ತೆಗೆಯಿರಿ, ತೋರಿಸುವ ಪಠ್ಯದಲ್ಲಿ ಮುಟ್ಟಬೇಡಿ. ಎರಡೂ ಕಡೆ ಒಂದೇ ಕತ್ತರಿ ಆಡಿಸುವವರು ಬಹಳ.

ಎಲ್ಲಕ್ಕಿಂತ ಕೊಳಕು ಹಳೆಯ ಕಡತಗಳದ್ದು. ಯುನಿಕೋಡ್ ಬರುವ ಮೊದಲಿನ ಫಾಂಟ್‌ಗಳಲ್ಲಿ ಅಕ್ಷರಗಳನ್ನು ಉಚ್ಚಾರದ ಕ್ರಮಕ್ಕಿಂತ ಕಾಣುವ ಕ್ರಮದಲ್ಲಿ ಕೂಡಿಸಿಡುತ್ತಿದ್ದರು. ಅರ್ಕಾವೊತ್ತು ಬಲಕ್ಕೆ ಕಾಣುವುದರಿಂದ ಕಡತದಲ್ಲೂ ಅದು ಅಕ್ಷರದ ನಂತರವೇ ಕೂತಿರುತ್ತದೆ. ಪರಿವರ್ತಿಸುವಾಗ ಅದನ್ನು ಹಿಂದಕ್ಕೆ ತರದಿದ್ದರೆ ‘ಕರ್ನಾಟಕ’ವು ‘ಕನಾರ್ಟಕ’ವಾಗುತ್ತದೆ, ‘ಧರ್ಮ’ ‘ಧಮರ್’ ಆಗುತ್ತದೆ, ‘ಅರ್ಜಿ’ ‘ಅಜಿರ್’. ಅಂತರ್ಜಾಲದಲ್ಲಿ ಇಂಥವು ರಾಶಿ ಬಿದ್ದಿವೆ. ಅದನ್ನೇ ಓದಿ ಬೆಳೆಯುವ ಮಾದರಿಯ ಬಾಯಲ್ಲಿ ‘ಕನಾರ್ಟಕ’ ಬಂದರೆ ಅಚ್ಚರಿಪಡಬೇಕಿಲ್ಲ. ನಿಮ್ಮ ಕಡತದಲ್ಲಿ ಈ ಮೂರು ತಪ್ಪು ರೂಪಗಳನ್ನು ಹುಡುಕಿ. ಒಂದು ಸಿಕ್ಕರೂ ಪರಿವರ್ತಕ ಕೈಕೊಟ್ಟಿದೆ ಎಂದೇ ಅರ್ಥ. ಬಿಡಿ ಪದ ತಿದ್ದುತ್ತ ಕೂರದೆ ಮೂಲ ಕಡತವನ್ನೇ ಮತ್ತೆ ಪರಿವರ್ತಿಸುವುದು ಲೇಸು.

ಅಂಕಿಗಳಲ್ಲೂ ಜಾರುವ ಜಾಗವಿದೆ. ‘೧೨’ ಎಂಬುದನ್ನು ಪೈಥಾನ್ ಹನ್ನೆರಡೆಂದು ಒಪ್ಪುತ್ತದೆ, ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಸಂಖ್ಯೆಯೇ ಅಲ್ಲ ಎನ್ನುತ್ತದೆ. ಜೊತೆಗೆ ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ಥರ ಇರುವುದರಿಂದ ‘ಶಿಗ್ಗಾಂವಿ’ಯನ್ನು ಸೊನ್ನೆ ಒತ್ತಿ ‘ಶಿಗ್ಗಾ೦ವಿ’ ಎಂದು ಬರೆದಿರುವವರು ಕಡಿಮೆಯೇನಿಲ್ಲ. ಇದನ್ನು ಸರಿಮಾಡಲು ಹೊರಟು ಸೊನ್ನೆಗಳನ್ನೆಲ್ಲ ಅನುಸ್ವಾರಕ್ಕೆ ಬದಲಿಸಿದರೆ, ಬ್ಯಾಡಗಿ ಮೆಣಸಿನಕಾಯಿಯ ದರಪಟ್ಟಿಯಲ್ಲಿ ‘೧೨೫೦೦’ ಎಂದಿದ್ದದ್ದು ‘೧೨೫ಂಂ’ ಆಗಿ ಕೂರುತ್ತದೆ. ಸೊನ್ನೆಯ ಎಡಕ್ಕೆ ಕನ್ನಡದ ಅಕ್ಷರವೋ ಗುಣಿತದ ಚಿಹ್ನೆಯೋ ಇದ್ದಾಗ ಮಾತ್ರ ಬದಲಿಸಿ. ಅಂಕಿ ಇದ್ದರೆ ಹಾಗೇ ಬಿಡಿ.