ಅಂಗನವಾಡಿಗೆ ಇನ್ನೊಬ್ಬ ಟೀಚರ್ ಬಂದರೆ

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಯಾವುದಾದರೂ ಅಂಗನವಾಡಿಯ ಬಾಗಿಲಲ್ಲಿ ಸುಮ್ನೆ ನಿಂತು ನೋಡಿ. ಟೀಚರ್ ಒಂದು ಮಗುವನ್ನು ತೂಕಕ್ಕೆ ನಿಲ್ಲಿಸಿದ್ದಾರೆ. ಇನ್ನೊಂದು ಕೈಯಲ್ಲಿ ಮೊಬೈಲ್. ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್‌ಗೆ ತೂಕ ತುಂಬಬೇಕು, ನೆಟ್‌ವರ್ಕ್ ಇಲ್ಲ. ಬಸುರಿಯೊಬ್ಬರು ತಾಯಿ ಕಾರ್ಡ್ ಹಿಡಿದು ಕಾಯುತ್ತಿದ್ದಾರೆ. ಒಳಗೆ ಕುಕ್ಕರ್ ಕೂಗುತ್ತಿದೆ. ಇಷ್ಟರ ನಡುವೆ ಮಕ್ಕಳಿಗೆ ಕತೆ ಹೇಳುವುದು, ಹಾಡಿಸುವುದು, ಬೀಜ ಎಣಿಸಿ ಆಡಿಸುವುದು ಯಾವಾಗ?

ಕಾರ್ತಿಕ್ ಮುರಳೀಧರನ್ ಮತ್ತು ಅವರ ಜೊತೆಯ ಅರ್ಥಶಾಸ್ತ್ರಜ್ಞರು ತಮಿಳುನಾಡಿನ 640 ಅಂಗನವಾಡಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಕೇಂದ್ರಗಳನ್ನು ಆರಿಸಿ, ಅಲ್ಲಿಗೆ ಮಾತ್ರ ಅರ್ಧ ದಿನಕ್ಕೆ ಇನ್ನೊಬ್ಬ ಟೀಚರನ್ನು ಕೊಟ್ಟರು. ಅವರ ಕೆಲಸ ಕಲಿಸುವುದು ಮಾತ್ರ. ಕಲಿಕೆಯ ಸಮಯ ದುಪ್ಪಟ್ಟಾಯಿತು. ಒಂದೂವರೆ ವರ್ಷದಲ್ಲಿ ಆ ಮಕ್ಕಳು ಲೆಕ್ಕದಲ್ಲೂ ಭಾಷೆಯಲ್ಲೂ ಮುಂದಾದರು.

ಮಜಾ ಇರುವುದು ಮುಂದೆ. ವಯಸ್ಸಿಗೆ ತಕ್ಕ ಎತ್ತರ ಇಲ್ಲದ, ತೀರಾ ಸೊರಗಿದ ಮಕ್ಕಳ ಪ್ರಮಾಣವೂ ಅಲ್ಲಿ ಕಡಿಮೆಯಾಗಿತ್ತು. ಅಕ್ಷರ ಕಲಿಸಿದರೆ ಮಗು ಉದ್ದ ಆಗುತ್ತಾ? ಇಲ್ಲ. ಮೊದಲಿದ್ದ ಟೀಚರ್‌ಗೆ ಕೈ ಬಿಡುವಾಯಿತು, ಊಟ ಮತ್ತು ಆರೋಗ್ಯದ ಕೆಲಸಕ್ಕೆ ಜಾಸ್ತಿ ಹೊತ್ತು ಸಿಕ್ಕಿತು. ಈ ಮಕ್ಕಳು ದೊಡ್ಡವರಾದ ಮೇಲೆ ಗಳಿಸುವ ಹೆಚ್ಚಿನ ಆದಾಯ, ಮಾಡಿದ ಖರ್ಚಿನ 13ರಿಂದ 21 ಪಟ್ಟು ಆಗಬಹುದು ಎಂದು ಸಂಶೋಧಕರ ಅಂದಾಜು. ಅರ್ಧಕ್ಕರ್ಧ ಕಳೆದರೂ ಲಾಭವೇ ಅಲ್ವಾ?

ಊಟ, ಕಲಿಕೆ ಬೇರೆ ಬೇರೆ ಖಾತೆ ಎಂದುಕೊಳ್ಳುವುದು ನಾವು. ಮಿದುಳಿಗೆ ಆ ಭೇದ ಗೊತ್ತಿಲ್ಲ. ಐದು ವರ್ಷದ ಆಸುಪಾಸಿನಲ್ಲಿ, ದೇಹ ಸುಮ್ಮನಿದ್ದಾಗ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಅದೊಂದೇ ನುಂಗುತ್ತದೆ.

ಕಷ್ಟ ಏನೆಂದರೆ, ಫಲ ಬರುವುದು ತಡವಾಗಿ. ಅಮೆರಿಕದ ಮಿಷಿಗನ್‌ನಲ್ಲಿ 1962ರಲ್ಲಿ ಪೆರಿ ಪ್ರಿಸ್ಕೂಲ್ ಪ್ರಯೋಗ ಶುರುವಾಯಿತು. ಒಟ್ಟು 123 ಬಡ ಮಕ್ಕಳು, ಅವರಲ್ಲಿ 58 ಮಂದಿಗೆ ದಿನಕ್ಕೆ ಎರಡೂವರೆ ಗಂಟೆ ಪಾಠ, ವಾರಕ್ಕೊಮ್ಮೆ ಟೀಚರ್ ಮನೆಗೇ ಬರುತ್ತಿದ್ದರು. ಮೊದಲು ಅವರ ಐಕ್ಯೂ ಏರಿತು. ಕೆಲವೇ ವರ್ಷಗಳಲ್ಲಿ ಉಳಿದವರ ಮಟ್ಟಕ್ಕೇ ಬಂತು. ಅಲ್ಲಿಗೇ ಲೆಕ್ಕ ಮುಗಿಸಿದ್ದರೆ 'ದುಡ್ಡು ದಂಡ' ಎಂದು ಬರೆದುಬಿಡುತ್ತಿದ್ದರು. ನಲವತ್ತನೇ ವಯಸ್ಸಿನಲ್ಲಿ ಮತ್ತೆ ನೋಡಿದಾಗ ಆ ಗುಂಪಿನವರ ಸಂಪಾದನೆ ಜಾಸ್ತಿ, ಪೊಲೀಸರ ಕೈಗೆ ಸಿಕ್ಕಿದ್ದು ಕಡಿಮೆ. ಯಾವ ಹಣಕಾಸು ಮಂತ್ರಿ ಅಷ್ಟು ವರ್ಷ ಕಾಯುತ್ತಾರೆ ಹೇಳಿ?

ಹಾಗಾಗಿ ಕತ್ತರಿ ಇಲ್ಲಿಗೆ ಸಲೀಸಾಗಿ ಬರುತ್ತದೆ. 1975ರ ಅಕ್ಟೋಬರ್ 2ರಂದು ಶುರುವಾಗಿ, ಕರ್ನಾಟಕದಲ್ಲಿ ತಿ. ನರಸೀಪುರದಿಂದ ಹೊರಟ ಯೋಜನೆ ಈ ಅಂಗನವಾಡಿಗಳದ್ದು. 2015-16ರ ಕೇಂದ್ರ ಬಜೆಟ್ಟಿನಲ್ಲಿ ಇದರ ಹಣ 18 ಸಾವಿರ ಕೋಟಿಯಿಂದ 8 ಸಾವಿರ ಕೋಟಿ ಚಿಲ್ಲರೆಗೆ ಇಳಿಯಿತು. ರಾಜ್ಯಗಳ ತೆರಿಗೆ ಪಾಲು 32ರಿಂದ 42 ಪರ್ಸೆಂಟ್ ಆಗಿದೆಯಲ್ಲ, ಅವೇ ಹಾಕಿಕೊಳ್ಳಲಿ ಎಂಬುದು ತರ್ಕ. ಗಲಾಟೆಯಾಯಿತು, ಆಮೇಲೆ ಪೂರಕ ಅಂದಾಜಿನಲ್ಲಿ ಒಂದಷ್ಟು ವಾಪಸ್ ಬಂತು.

ಅದು ಕಣ್ಣಿಗೆ ಕಂಡ ಕಡಿತ. ನನಗೆ ಹೆದರಿಕೆ ಕಾಣದೇ ಇರುವುದರದ್ದು. 2017ರಲ್ಲಿ ಮಗುವಿನ ಪೌಷ್ಟಿಕ ಆಹಾರಕ್ಕೆ ದಿನಕ್ಕೆ 8 ರೂಪಾಯಿ ಎಂದು ಗೊತ್ತುಮಾಡಿದರು. ಆಮೇಲೆ ಬೇಳೆ, ಎಣ್ಣೆ, ಗ್ಯಾಸ್ ಎಲ್ಲ ಏರಿದರೂ ವರ್ಷಗಟ್ಟಲೆ 8 ಅಲ್ಲೇ ನಿಂತಿತು. ಒಂದು ಮೊಟ್ಟೆ ಕೊಂಡರೆ ಮಿಕ್ಕುವುದು ಒಂದೆರಡು ರೂಪಾಯಿ. ಟೀಚರ್ ಗೌರವಧನದಲ್ಲಿ ಕೇಂದ್ರದ ಲೆಕ್ಕ 2018ರಲ್ಲಿ 4,500ಕ್ಕೆ ಏರಿ ಹಾಗೇ ಕೂತಿತು. ಯಾರೂ ಏನೂ ಕಡಿತ ಮಾಡಲಿಲ್ಲ, ಆದರೂ ತಟ್ಟೆ ಸಣ್ಣದಾಯಿತು.

ಬೆಲೆ ಸೂಚ್ಯಂಕ ಏರಿದ ಹಾಗೆ ಸರ್ಕಾರಿ ನೌಕರರ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಪರಿಷ್ಕರಣೆ ಆಗುತ್ತದೆ. ಯಾರೂ ಧರಣಿ ಕೂರಬೇಕಿಲ್ಲ. ಆ 8 ರೂಪಾಯಿಯನ್ನೂ ಅದೇ ಸೂಚ್ಯಂಕಕ್ಕೆ ಕಟ್ಟಿಬಿಡಬಹುದು.