ಹಂಚಿನ ಮೇಲೆ ನಾಲ್ಕು ದೋಸೆ, ತಲೆಯಲ್ಲಿ ನಾಲ್ಕು ಆರ್ಡರ್

ಬೆಳಿಗ್ಗೆ ಎಂಟೂವರೆಗೆ ದಾವಣಗೆರೆಯ ಯಾವುದಾದರೂ ಬೆಣ್ಣೆ ದೋಸೆ ಹೋಟೆಲಿನ ಒಲೆಯ ಹತ್ತಿರ ನಿಂತು ನೋಡಿ. ಸಪ್ಲೈಯರ್ ಅಲ್ಲಿಂದಲೇ ಕೂಗುತ್ತಾನೆ: "ಎರಡು ಬೆಣ್ಣೆ, ಒಂದು ಓಪನ್, ಒಂದಕ್ಕೆ ಬೆಣ್ಣೆ ಕಮ್ಮಿ!" ಹಂಚಿನ ಮೇಲೆ ಹಿಂದಿನ ಆರ್ಡರಿನ ದೋಸೆಗಳು ಇನ್ನೂ ಬೇಯುತ್ತಿವೆ. ದೋಸೆ ಹುಯ್ಯುವವನು ಹೊಸ ಲೆಕ್ಕವನ್ನು ತಲೆಯಲ್ಲಿ ಹಿಡಿದುಕೊಂಡೇ ಹಳೆಯದನ್ನು ಎತ್ತಬೇಕು. ಸಾಲಾಗಿ ಆರು ದೋಸೆಗೆ ಬೆಣ್ಣೆ ಸುರಿದು ಬಂದ ಕೈ ಏಳನೆಯದಕ್ಕೂ ತಾನಾಗಿ ಸುರಿಯಲು ಹೋಗುತ್ತದೆ. ಆ ಕೈಯನ್ನು ಅರ್ಧದಲ್ಲೇ ತಡೆಯಬೇಕು. ಓಪನ್ ದೋಸೆ ಬಂದರೆ ಮಡಚುವ ರೂಢಿ ಬಿಟ್ಟು ಬೇರೆ ಪದ್ಧತಿಗೆ ಹೊರಳಬೇಕು.

ಹಿಡಿದಿಡುವುದು, ತಡೆಯುವುದು, ಹೊರಳುವುದು. ಮನೋವಿಜ್ಞಾನಿಗಳು ಎಕ್ಸಿಕ್ಯುಟಿವ್ ಫಂಕ್ಷನ್ ಎನ್ನುವುದು ಮುಖ್ಯವಾಗಿ ಈ ಮೂರನ್ನೇ. 2000ದಲ್ಲಿ ಅಕಿರಾ ಮಿಯಾಕೆ ಮತ್ತು ಸಂಗಡಿಗರು 137 ಕಾಲೇಜು ವಿದ್ಯಾರ್ಥಿಗಳಿಗೆ ಒಂಬತ್ತು ಬಗೆಯ ಪರೀಕ್ಷೆ ಕೊಟ್ಟು ನೋಡಿದಾಗ, ಈ ಮೂರೂ ಒಂದಕ್ಕೊಂದು ನಂಟಿರುವ, ಆದರೆ ಒಂದೇ ಅಲ್ಲದ ಸಾಮರ್ಥ್ಯಗಳು ಎಂಬುದು ಕಂಡಿತು. ಹಾಗಾಗಿ ಒಂದರಲ್ಲಿ ಚುರುಕಾಗಿರುವವರು ಇನ್ನೊಂದರಲ್ಲಿ ಎಡವಬಹುದು. "ಇವನಿಗೆ ಏಕಾಗ್ರತೆಯೇ ಇಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಇದನ್ನು ಗಮನಿಸಬೇಕು.

ಈ ಕೆಲಸಕ್ಕೆ ಮುಖ್ಯ ಆಧಾರ ಹಣೆಯ ಹಿಂದಿರುವ ಪ್ರೀಫ್ರಾಂಟಲ್ ಕಾರ್ಟೆಕ್ಸ್. 1971ರಲ್ಲಿ ಹೋಕಿನ್ ಫುಸ್ಟರ್ ಕೋತಿಗಳಲ್ಲಿ ಒಂದು ವಿಶೇಷ ಕಂಡರು. ತಿನಿಸು ಎಲ್ಲಿದೆಯೆಂದು ತೋರಿಸಿ ಮರೆಮಾಡಿದ ಮೇಲೂ ಇಲ್ಲಿನ ಕೆಲವು ನರಕೋಶಗಳು ಮಿಡಿಯುತ್ತಲೇ ಇದ್ದವು. ಕಣ್ಣಿಗೆ ಕಾಣದ್ದನ್ನು ಮೆದುಳು ಹೀಗೆ ಹಿಡಿದಿಡುತ್ತದೆ. ಆದರೆ ಜಾಗ ಕಿರಿದು: ನೆಲ್ಸನ್ ಕೋವನ್ 2001ರಲ್ಲಿ ಹಾಕಿದ ಲೆಕ್ಕದಂತೆ ಒಮ್ಮೆಗೆ ಸುಮಾರು ನಾಲ್ಕು ಸಂಗತಿ. ಐದನೆಯದು ಬಂತೆಂದರೆ ಯಾವುದೋ ಒಂದು ಜಾರುತ್ತದೆ. ಈ ಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುಪ್ರಾಯದ ಹೊತ್ತಿಗೆ. ಪಿಯುಸಿ ಹುಡುಗನಿಂದ ಅಪ್ಪನಷ್ಟೇ ಸಂಯಮ ಬಯಸುವುದು ಅನ್ಯಾಯ.

"ತಡೆ" ಹೇಗೆ ಸೋಲುತ್ತದೆಂದು ಮನೆಯಲ್ಲೇ ನೋಡಬಹುದು. ಒಂದು ಹಾಳೆಯಲ್ಲಿ 20 ಗುಂಪು ಗುಣಾಕಾರ ಚಿಹ್ನೆ ಬರೆಯಿರಿ. ಪ್ರತಿ ಗುಂಪಿನಲ್ಲಿ ಒಂದರಿಂದ ನಾಲ್ಕು ಚಿಹ್ನೆ ಇರಲಿ. ಇನ್ನೊಂದು ಹಾಳೆಯಲ್ಲಿ ಅದೇ ರೀತಿ ಅಂಕೆಗಳ ಗುಂಪು: 3 3, 1 1 1 1, 4, 2 2 2. ಓದುವವರು ಅಂಕೆಯನ್ನಲ್ಲ, ಎಷ್ಟಿವೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. "3 3" ಕಂಡರೆ "ಎರಡು". ಗುಂಪಿನ ಎಣಿಕೆಯೂ ಅಂಕೆಯೂ ಒಂದೇ ಆಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ತಿಕ್ಕಾಟವೇ ಇರುವುದಿಲ್ಲ. ನಾಲ್ಕಕ್ಕಿಂತ ಹೆಚ್ಚು ಬರೆದರೆ ಸಮಯವೆಲ್ಲ ಎಣಿಕೆಗೇ ಹೋಗುತ್ತದೆ. ಮೊಬೈಲಿನಲ್ಲಿ ಸೆಕೆಂಡು ಎಣಿಸಿ, ಚಿಹ್ನೆ, ಅಂಕೆ, ಅಂಕೆ, ಚಿಹ್ನೆ ಎಂಬ ಕ್ರಮದಲ್ಲಿ ನಾಲ್ಕು ಸುತ್ತು ಮಾಡಿ. ಎರಡನೇ ಸಲ ಎಲ್ಲರೂ ಬೇಗ ಮುಗಿಸುವುದರಿಂದ ಈ ಹಿಂದುಮುಂದು ಬೇಕು. ಕೆಲವರು ಕಣ್ಣು ಕಿರಿದು ಮಾಡಿ ಅಂಕೆಯನ್ನು ಮಸುಕಾಗಿಸಿಕೊಳ್ಳುತ್ತಾರೆ. ಅದು ಮೋಸ, ಬಿಡಬೇಡಿ! ಅಂಕೆಯ ಹಾಳೆಗೆ ಸಮಯ ಹೆಚ್ಚು ಹಿಡಿಯುತ್ತದೆ, ನಡುವೆ ನಾಲಗೆ ತಪ್ಪುತ್ತದೆ. ಅಂಕೆ ಓದುವ ರೂಢಿಯನ್ನು ಅದುಮಿಡಲು ಬಿದ್ದ ಖರ್ಚು ಅದು.

ಇದೇ ಬಗೆಯ ಪರೀಕ್ಷೆಯನ್ನು ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರಿಗೆ ಕೊಟ್ಟಿದ್ದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಕೈಯಲ್ಲಿ ಕಾಸಿಲ್ಲದ ಕಟಾವಿನ ಮುಂಚೆ ಒಮ್ಮೆ, ಹಣ ಬಂದ ಮೇಲೆ ಇನ್ನೊಮ್ಮೆ. ಅದೇ ರೈತ, ಅದೇ ತಲೆ. ಕಟಾವಿನ ನಂತರ ಉತ್ತರ ಬೇಗ ಬಂತು, ತಪ್ಪೂ ಕಡಿಮೆಯಾಯಿತು. ಸಾಲದ ಚಿಂತೆ ಆ ನಾಲ್ಕು ಜಾಗಗಳಲ್ಲಿ ಒಂದೆರಡನ್ನು ಸದಾ ಆಕ್ರಮಿಸಿರುತ್ತದೆ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು. ನಮ್ಮ ಕಡೆ ಮೆಕ್ಕೆಜೋಳ ಮಾರುಕಟ್ಟೆಗೆ ಹೋಗುವ ಮುಂಚಿನ ವಾರಗಳಲ್ಲೇ ರೈತನ ಮುಂದೆ ನಾಲ್ಕು ಪುಟದ ಅರ್ಜಿ ಹಿಡಿದು, ತಪ್ಪು ತುಂಬಿದನೆಂದು ಗದರುವವರಿಗೆ ಈ ಸಂಗತಿ ಗೊತ್ತಿರಬೇಕಿತ್ತು.

ಹಾಗಾದರೆ ಈ ಸಾಮರ್ಥ್ಯವನ್ನು ಬೆಳೆಸಬಹುದೇ? ಮೆದುಳಿನ ಕಸರತ್ತೆಂದು ಮಾರುವ ಆ್ಯಪ್‌ಗಳ ಮೇಲೆ ದುಡ್ಡು ಹಾಕುವ ಮುನ್ನ ಏಡ್ರಿಯನ್ ಓವನ್ ತಂಡ 2010ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೆನೆಯಿರಿ. 11,430 ಮಂದಿ ಆರು ವಾರ ಕಂಪ್ಯೂಟರಿನಲ್ಲಿ ಇಂಥ ಆಟ ಆಡಿದರು. ಆಡಿದ ಆಟದಲ್ಲಿ ಪಳಗಿದರು, ಅಷ್ಟೇ. ಆಡದ ಪರೀಕ್ಷೆಗಳಿಗೆ, ಅವು ಹೆಚ್ಚುಕಡಿಮೆ ಅದೇ ಜಾತಿಯವಾಗಿದ್ದರೂ, ಆ ಪಳಗು ಹರಿದುಬರಲಿಲ್ಲ. ದೋಸೆ ಹುಯ್ಯುವವನಿಗೂ ಇದೇ ಮಾತು: ಹಂಚಿನ ಮುಂದಿನ ಆ ಚುರುಕು ಹಂಚಿನ ಮುಂದೆಯೇ ಇರುತ್ತದೆ.

ಜಾಗ ಹಿಗ್ಗಿಸುವುದಕ್ಕಿಂತ ಹೊರೆ ಇಳಿಸುವುದು ಫಲ ಕೊಡುತ್ತದೆ. ಪೀಟರ್ ಗಾಲ್ವಿಟ್ಸರ್ ಬೆಳೆಸಿದ "ಹೀಗಾದಾಗ ಹೀಗೆ" ವಿಧಾನ ಇಂಥದ್ದು; 2006ರಲ್ಲಿ 94 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಅದರ ಪರಿಣಾಮ ಗಟ್ಟಿಯಾಗಿಯೇ ಕಂಡಿತು. "ಇನ್ನು ಚೆನ್ನಾಗಿ ಓದುತ್ತೇನೆ" ಎಂಬುದು ಬರೀ ಆಸೆ. "ಸಂಜೆ ಚಹಾದ ಲೋಟ ತೊಳೆದಿಟ್ಟ ಕೂಡಲೇ ಭೌತಶಾಸ್ತ್ರದ ಐದು ಲೆಕ್ಕ ಬಿಡಿಸುತ್ತೇನೆ" ಎಂಬುದು ಯೋಜನೆ. ಲೋಟ ತೊಳೆಯುವುದೇ ಗಂಟೆ ಬಾರಿಸಿದಂತೆ, ಆ ಹೊತ್ತಿಗೆ ಹೊಸದಾಗಿ ತೀರ್ಮಾನಿಸುವ ಶ್ರಮ ಉಳಿಯುತ್ತದೆ. ಇದು ಕೆಡುವುದು ಸೂಚನೆ ಮಸುಕಾಗಿದ್ದಾಗ. "ಬಿಡುವಾದಾಗ" ಎಂದು ಬರೆದರೆ ಬಿಡುವು ಆದದ್ದೇ ಗೊತ್ತಾಗುವುದಿಲ್ಲ. ಒಂದೇ ವಾರದಲ್ಲಿ ಐದಾರು ಯೋಜನೆ ಹೊಸೆದರೂ ಕೆಡುತ್ತದೆ. ಒಂದರಿಂದ ಶುರುಮಾಡಿ.

ಓದುವ ಮುಂಚೆ ಇಪ್ಪತ್ತು ನಿಮಿಷ ಬಿರುಸಾಗಿ ನಡೆಯುವುದೂ ಸ್ವಲ್ಪ ನೆರವಾಗುತ್ತದೆ, ಕುಂದವಾಡ ಕೆರೆಯ ಏರಿಯಾದರೂ ಸರಿ, ತಾರಸಿಯಾದರೂ ಸರಿ. ಪರಿಣಾಮ ಸಣ್ಣದು, ಆದರೆ ಖರ್ಚಿಲ್ಲ. ನಿದ್ದೆಗೆಟ್ಟು ಓದುವುದು ಮಾತ್ರ ನಷ್ಟದ ವ್ಯಾಪಾರ. ಭಯ, ಒತ್ತಡ ಹೆಚ್ಚಾದರೆ ಡೋಪಮೀನ್ ಮತ್ತು ನಾರ್‌ಅಡ್ರಿನಲಿನ್ ಮಿತಿಮೀರಿ ಪ್ರೀಫ್ರಾಂಟಲ್ ಭಾಗದ ಹಿಡಿತವೇ ಸಡಿಲವಾಗುತ್ತದೆ ಎಂಬುದನ್ನು ಏಮಿ ಆರ್ನ್‌ಸ್ಟೆನ್ ಪ್ರಯೋಗಗಳು ತೋರಿಸಿವೆ. ಈ ರಾಸಾಯನಿಕಗಳು ಸಾರಿಗೆ ಉಪ್ಪಿದ್ದಂತೆ: ಕಮ್ಮಿಯಾದರೂ ಕೆಡುತ್ತದೆ, ಹೆಚ್ಚಾದರೂ ಕೆಡುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಮಗನನ್ನು ಬೈದರೆ ಅವನು ಜಾಗೃತನಾಗುತ್ತಾನೆ ಎಂದುಕೊಂಡವರು ಉಪ್ಪನ್ನು ಹಿಡಿಗಟ್ಟಲೆ ಹಾಕುತ್ತಿದ್ದಾರೆ.

ಬೈಕಿನಿಂದ ಬಿದ್ದು ತಲೆಗೆ ಏಟಾದವರ ಅಥವಾ ಪಾರ್ಶ್ವವಾಯು ಆದವರ ಮನೆಯವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. 1991ರಲ್ಲಿ ಟಿಮ್ ಶಾಲಿಸ್ ಮತ್ತು ಪಾಲ್ ಬರ್ಜೆಸ್ ಮೆದುಳಿನ ಮುಂಭಾಗಕ್ಕೆ ಪೆಟ್ಟಾಗಿದ್ದ ಮೂವರನ್ನು ಸಣ್ಣಪುಟ್ಟ ಕೆಲಸಗಳ ಪಟ್ಟಿ ಕೊಟ್ಟು ಅಂಗಡಿ ಬೀದಿಗೆ ಕಳಿಸಿದರು. ಮಾತು, ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಅವರು ಚೆನ್ನಾಗಿಯೇ ಇದ್ದರು. ಬೀದಿಯಲ್ಲಿ ಮಾತ್ರ ನಿಯಮ ಮುರಿದರು, ಅರ್ಧಕ್ಕೆ ಬಿಟ್ಟರು. ಡಾಕ್ಟರ ಕೋಣೆಯಲ್ಲಿ ಯಾವಾಗ ಶುರುಮಾಡಬೇಕು, ಏನು ಮಾಡಬೇಕು ಎಂಬುದನ್ನೆಲ್ಲ ಎದುರು ಕುಳಿತವರೇ ಹೇಳುತ್ತಾರೆ. ಬೀದಿಯಲ್ಲಿ ಹೇಳುವವರಿಲ್ಲ. ಆದ್ದರಿಂದ ತಪಾಸಣೆಗೆ ಹೋಗುವಾಗ "ಮೊದಲಿನ ಹಾಗಿಲ್ಲ" ಎನ್ನುವ ಬದಲು ಒಂದು ವಾರ ಕಂಡದ್ದನ್ನು ತಾರೀಕು ಹಾಕಿ ಬರೆದುಕೊಂಡು ಹೋಗಿ: ಸೋಮವಾರ ಕುಕ್ಕರಿಗೆ ಬೇಳೆ ಹಾಕಿದರು, ಒಲೆ ಹಚ್ಚಲಿಲ್ಲ, ಬುಧವಾರ ಹಾಲು ತರಲು ಹೋಗಿ ಮಂಡಕ್ಕಿ ತಂದರು, ಕೇಳಿದರೆ ಹಾಲಿನ ವಿಷಯ ನೆನಪಿತ್ತು.