‘ಬರ್ಲತ್ತೀನಿ’ ಮತ್ತು ‘ಬರ್ತಾ ಇದೀನಿ’: ಹುಡುಗರ ಮಾತು ಬದಲಾಗೋದು ಹೇಗೆ?

ನಮ್ಮ ಓಣಿಯ ಹುಡುಗನೊಬ್ಬ ಬೆಂಗಳೂರಿನಿಂದ ಕಲಬುರಗಿಗೆ ರಜೆಗೆ ಬಂದಿದ್ದ. ಫೋನಿನಲ್ಲಿ “ಬರ್ತಾ ಇದೀನಿ ಮಗಾ” ಅಂದ. ಅಷ್ಟರಲ್ಲಿ ಅವ್ವ ಊಟಕ್ಕೆ ಕರೆದರು. “ಬರ್ಲತ್ತೀನಿ ತಡಿಬೇ” ಅಂದ. ಭಾಷಾಶಾಸ್ತ್ರದ ಪರೀಕ್ಷೆಯಲ್ಲಿ ಇಂಥ ಹುಡುಗನ ಬಗ್ಗೆ ಕೇಳಿದರೆ, ಮೊದಲನೆಯದು ನಾಟಕ, ಎರಡನೆಯದೇ ಅಸಲಿ ಅಂತ ಉತ್ತರ ಬರೀಬೇಡಿ. ಅರ್ಥ ಒಂದೇ, ಎರಡೂ ಅವನದೇ ಮಾತು.

ಇಲ್ಲಿ ನೆನಪಿಡಬೇಕಾದ ಹೆಸರು ಭಾಷಾಶಾಸ್ತ್ರಜ್ಞ ವಿಲಿಯಂ ಲಬೋವ್. ಅಮೆರಿಕದ ಮಾರ್ಥಾಸ್ ವಿನ್ಯಾರ್ಡ್ ಅನ್ನೋ ದ್ವೀಪದ ಬಗ್ಗೆ ಅವರ ಅಧ್ಯಯನ 1963ರಲ್ಲಿ ಬಂತು. ಬೇಸಿಗೆಯಲ್ಲಿ ಅಲ್ಲಿ ಪ್ರವಾಸಿಗರದೇ ದಂಡು. ‘ರೈಟ್’, ‘ಹೌಸ್’ನಂಥ ಪದಗಳ ಸ್ವರವನ್ನು ದ್ವೀಪದವರು ತಮ್ಮದೇ ರೀತಿಯಲ್ಲಿ ಉಚ್ಚರಿಸುತ್ತಿದ್ದರು. ಊರಲ್ಲೇ ಇರಬೇಕು ಅನ್ನುವವರಲ್ಲಿ ಆ ಉಚ್ಚಾರ ಜಾಸ್ತಿ, ಊರು ಬಿಡುವ ಮನಸ್ಸಿದ್ದವರಲ್ಲಿ ಕಡಿಮೆ. ಅಂದರೆ ವಯಸ್ಸು, ಕಸುಬಿನ ಜೊತೆಗೆ ಊರಿನ ಮೇಲಿನ ಮನಸ್ಸನ್ನೂ ನೋಡಬೇಕು. ನಮ್ಮ ಹುಡುಗನಿಗೆ ಇದು ಎಷ್ಟು ಚೆನ್ನಾಗಿ ಹೊಂದುತ್ತೆ, ಅಲ್ವಾ?

ಇನ್ನೊಬ್ಬ ಭಾಷಾಶಾಸ್ತ್ರಜ್ಞ ಪೀಟರ್ ಟ್ರಡ್ಗಿಲ್ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಇನ್ನೊಂದು ತಮಾಷೆ ಕಂಡರು. ಅಲ್ಲಿನ ಎಷ್ಟೋ ಗಂಡಸರು ತಾವು ಆಡುವುದಕ್ಕಿಂತ ಹೆಚ್ಚು ಒರಟಾಗಿ ಆಡುತ್ತೇವೆ ಅಂತ ಹೇಳಿಕೊಂಡರು. ಒರಟು ಮಾತಿಗೂ ಒಳಗೊಳಗೇ ಒಂದು ಗತ್ತು ಇರುತ್ತೆ. ದೋಸ್ತರ ನಡುವೆ ‘ಲೇ’ ಹಾರಾಡುವುದು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

‘ಹುಡುಗರು ಭಾಷೆ ಕೆಡಿಸಿದರು’ ಅನ್ನುವವರಿಗೆ ಒಂದು ಮಾತು. 1948ರವರೆಗೆ ಕಲಬುರಗಿ ನಿಜಾಮರ ಆಡಳಿತದಲ್ಲಿತ್ತು, ಕಚೇರಿ ಭಾಷೆ ಉರ್ದು. ಜಲ್ದಿ, ದೋಸ್ತ ಅನ್ನೋ ಉರ್ದು ಪದಗಳಿಲ್ಲದೆ ನಮ್ಮ ಅಜ್ಜಂದಿರೂ ಮಾತಾಡಲಿಲ್ಲ.

ದನಿಯ ವಿಷಯ ಚಿಕ್ಕದು. ಪ್ರಾಯಕ್ಕೆ ಬಂದಾಗ ಹುಡುಗರ ಧ್ವನಿತಂತುಗಳು ಉದ್ದವಾಗಿ ದಪ್ಪಗಾಗುತ್ತವೆ, ದನಿ ಇಳಿಯುತ್ತೆ. ಇದು ದೇಹದ ಕೆಲಸ. ಇಳಿದ ದನಿಯನ್ನು ಇನ್ನೂ ಅದುಮಿ, ವಾಕ್ಯದ ಕೊನೆಯಲ್ಲಿ ‘ಕರಕರ’ ಅನ್ನಿಸುವುದು ಬಹುಮಟ್ಟಿಗೆ ರೂಢಿ. ಆಗ ತಂತುಗಳು ನಿಧಾನವಾಗಿ, ಲಯ ತಪ್ಪಿ ಕಂಪಿಸುತ್ತವೆ.

ಪರೀಕ್ಷೆಯಲ್ಲಿ ಎಡವುವ ಜಾಗ ಬೇರೆ ಇದೆ. ಇಪ್ಪತ್ತರ ಹುಡುಗ ‘ಮಗಾ’ ಅಂತಾನೆ, ಅರವತ್ತರ ಕಾಕಾ ಅನ್ನುವುದಿಲ್ಲ. ಭಾಷೆ ಬದಲಾಯಿತೇ? ಗೊತ್ತಾಗದು. ಈ ಹುಡುಗನೇ ನಲವತ್ತಕ್ಕೆ ಅದನ್ನು ಬಿಟ್ಟರೆ ಅದು ಬರೀ ವಯಸ್ಸಿನ ಆಟ. ವರ್ಷಗಳ ನಂತರ ಮತ್ತೆ ಕೇಳಿದರೇ ತಿಳಿಯೋದು.

ಕೇಳೋದೂ ಸುಲಭವಲ್ಲ. ನಾನು ಸುಮ್ನೆ ಮೊಬೈಲ್ ರೆಕಾರ್ಡರ್ ಒತ್ತಿದೆ. ಅಲ್ಲಿತನಕ “ಏನಲೇ” ಅನ್ನುತ್ತಿದ್ದ ಗೆಳೆಯ ಗಂಟಲು ಸರಿಮಾಡಿಕೊಂಡು, “ಎಲ್ಲರಿಗೂ ನಮಸ್ಕಾರ” ಅಂದ.